ಫರ್ನೇಸ್ ಕೈಕೊಟ್ಟ ರಾತ್ರಿ ಒಂದೇ ಕೋಣೆ ಸಾಕು

ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್. ಮನೆ ಬಿಸಿ ಮಾಡುವ ಫರ್ನೇಸ್ ನಿಂತುಹೋಗಿದೆ, ರಿಪೇರಿಯವರು ಬರುವುದು ನಾಳೆ ಮಧ್ಯಾಹ್ನದ ಮೇಲೆ. ಅಮೆರಿಕ, ಕೆನಡಾದಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೆ ಇಂಥದೊಂದು ರಾತ್ರಿ ಯಾವತ್ತಾದರೂ ಬರಬಹುದು. ನಮ್ಮದು ಅಷ್ಟು ಚಳಿಯ ಊರಲ್ಲ ಎಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್‌ನಲ್ಲಿ ಲಕ್ಷಗಟ್ಟಲೆ ಮನೆಗಳ ಕರೆಂಟು ಹೋಯಿತು, ಎಷ್ಟೋ ಮನೆಗಳಿಗೆ ದಿನಗಟ್ಟಲೆ ಬರಲಿಲ್ಲ. 16ನೇ ತಾರೀಖು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಆ ಬಿರುಗಾಳಿಯಿಂದ 246 ಜನ ಸತ್ತರು ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಹೆಚ್ಚಿನವರು ಥಂಡಿಯಿಂದಲೇ ಹೋದವರು. ಕೆಲವರು ಮಾತ್ರ ಬೆಚ್ಚಗಾಗಲೆಂದು ಏನನ್ನೋ ಉರಿಸಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕುಡಿದು ಹೋದವರು. ಈ ಬರಹ ಮುಖ್ಯವಾಗಿ ಆ ಎರಡನೆಯ ಬಗೆಯ ಸಾವು ಯಾರ ಮನೆಗೂ ಬಾರದಿರಲಿ ಎಂದು.

ಫರ್ನೇಸ್ ನಿಂತಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಇಡೀ ಮನೆಯನ್ನು ಬಿಸಿ ಮಾಡಲು ಹೊರಡುವುದು. ಸಾಧಾರಣ ಮನೆಯ ಫರ್ನೇಸ್ ಗಂಟೆಗೆ 60,000ದಿಂದ 80,000 ಬಿಟಿಯು (ಶಾಖದ ಒಂದು ಅಳತೆ) ಶಾಖ ಕೊಡುತ್ತದೆ. ಅಂಗಡಿಯಲ್ಲಿ ಸಿಗುವ 1,500 ವಾಟ್‌ನ ಹೀಟರ್ ಕೊಡುವುದು ಸುಮಾರು 5,100 ಬಿಟಿಯು. ಹನ್ನೆರಡರಲ್ಲಿ ಒಂದು ಪಾಲು, ಕೆಲವು ಮನೆಗಳಲ್ಲಿ ಅದೂ ಇಲ್ಲ. ಅಷ್ಟರಲ್ಲಿ ಮನೆ ಬೆಚ್ಚಗಾಗುವುದಿಲ್ಲ, ಒಂದು ಕೋಣೆ ಆಗುತ್ತದೆ.

ಕೋಣೆಗೆ ಹೋಗುವ ಮುಂಚೆ ಒಂದು ಹತ್ತು ನಿಮಿಷ ಫರ್ನೇಸನ್ನೇ ನೋಡಿ. ಗ್ಯಾಸ್ ವಾಸನೆ ಇದ್ದರೆ ಮಾತ್ರ ಇದ್ಯಾವುದೂ ಬೇಡ. ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದಲೇ ತುರ್ತು ಸಂಖ್ಯೆ 911ಕ್ಕೆ ಇಲ್ಲವೇ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ವಾಸನೆ ಇಲ್ಲವೆಂದಾದರೆ ಥರ್ಮೋಸ್ಟಾಟ್‌ನಿಂದ ಶುರುಮಾಡಿ. ಪರದೆ ಖಾಲಿ ಕಂಡರೆ ಒಳಗಿನ ಎಎ ಬ್ಯಾಟರಿ ಬದಲಿಸಿ, ಮೋಡ್ 'ಹೀಟ್' ಮೇಲಿದೆಯೇ ನೋಡಿ. ಆಮೇಲೆ ಬ್ರೇಕರ್. ಆಮೇಲೆ ಫರ್ನೇಸ್ ಪಕ್ಕದ ಗೋಡೆಯ ಸ್ವಿಚ್. ಅದು ನೋಡಲು ಲೈಟಿನ ಸ್ವಿಚ್ಚಿನ ಹಾಗೇ ಇರುವುದರಿಂದ ಬೇಸ್‌ಮೆಂಟಿಗೆ ಸಾಮಾನು ಇಡಲು ಹೋದವರು ತಿಳಿಯದೆ ಆರಿಸಿರುತ್ತಾರೆ. ಫಿಲ್ಟರ್ ಎಳೆದು ಬೆಳಕಿಗೆ ಹಿಡಿಯಿರಿ. ಬೆಳಕು ತೂರದಷ್ಟು ಧೂಳು ಕಟ್ಟಿದ್ದರೆ ಕಾರಣ ಅದೇ ಇರಬಹುದು: ಗಾಳಿ ಸಾಲದೆ, ಗಾಳಿಯನ್ನು ಬಿಸಿ ಮಾಡುವ ಹೀಟ್ ಎಕ್ಸ್‌ಚೇಂಜರ್ ಮಿತಿಮೀರಿ ಕಾದು, ಲಿಮಿಟ್ ಸ್ವಿಚ್ ಉರಿಯನ್ನು ಆರಿಸಿಬಿಡುತ್ತದೆ. ಹೊಸ ಫಿಲ್ಟರ್ ಮನೆಯಲ್ಲಿಲ್ಲದಿದ್ದರೆ ಒಂದು ರಾತ್ರಿಯ ಮಟ್ಟಿಗೆ ಫಿಲ್ಟರ್ ಇಲ್ಲದೆ ಓಡಿಸಿದರೆ ತೊಂದರೆಯಿಲ್ಲ.

ಹೊಸ ಬಗೆಯ ಫರ್ನೇಸ್‌ಗಳಿಗೆ ಹೊರಗೋಡೆಯಲ್ಲಿ ಎರಡು ಬಿಳಿ ಪಿವಿಸಿ ಪೈಪು ಇರುತ್ತವೆ, ಗಾಳಿ ಎಳೆಯಲು ಒಂದು, ಹೊಗೆ ಬಿಡಲು ಒಂದು. ಹಿಮ ಗಾಳಿಗೆ ಬಂದು ಗುಡ್ಡೆಯಾದರೆ ಅವುಗಳ ಬಾಯಿ ಮುಚ್ಚಿಹೋಗುತ್ತದೆ. ಗಾಳಿ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವ ಪ್ರೆಷರ್ ಸ್ವಿಚ್ ಒಪ್ಪದೆ ಉರಿ ಹೊತ್ತುವುದೇ ಇಲ್ಲ. ಸುತ್ತ ಒಂದಡಿ ಜಾಗ ಬಿಡಿಸಿ. ಹಿಮಪಾತದ ನಂತರ ಫರ್ನೇಸ್ ನಿಂತರೆ ಮೊದಲು ನೋಡಬೇಕಾದ್ದೇ ಇದು.

ಇಷ್ಟಕ್ಕೂ ಬಗ್ಗದಿದ್ದರೆ ಫರ್ನೇಸ್‌ನ ಕೆಳಗಿನ ಮುಚ್ಚಳದಲ್ಲಿ ನಾಣ್ಯದಗಲದ ಗಾಜಿನ ಕಿಂಡಿ ಹುಡುಕಿ, ಲೈಟ್ ಆರಿಸಿ ಇಣುಕಿ. ಒಳಗಿನ ಬೋರ್ಡಿನಲ್ಲಿ ಸಾಸಿವೆಯಷ್ಟು ದೀಪವೊಂದು ಮಿನುಗುತ್ತಿರುತ್ತದೆ: ಮೂರು ಸಲ ಮಿನುಗಿ, ತುಸು ತಡೆದು, ಮತ್ತೆ ಮೂರು ಸಲ. ಆ ಎಣಿಕೆ ಏನು ಹೇಳುತ್ತದೆ ಎಂಬುದು ಮುಚ್ಚಳದ ಒಳಮೈಗೆ ಅಂಟಿಸಿದ ಹಾಳೆಯಲ್ಲಿದೆ. ಆದರೆ ಮುಚ್ಚಳ ತೆಗೆದ ಕ್ಷಣ ಬಾಗಿಲ ಸ್ವಿಚ್ ಕರೆಂಟು ಕಡಿಯುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಕೋಡ್ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಕಿಂಡಿಯಲ್ಲೇ ಎಣಿಸಿ, ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಆಮೇಲೆ ತೆಗೆಯಿರಿ. ಆ ಸಂಖ್ಯೆ ಫೋನಿನಲ್ಲೇ ಹೇಳಿದರೆ ರಿಪೇರಿಯವರು ಬೇಕಾದ ಪಾರ್ಟ್ ಗಾಡಿಯಲ್ಲಿ ಹಾಕಿಕೊಂಡು ಬರಬಹುದು, ಇನ್ನೊಂದು ರಾತ್ರಿ ಕಾಯುವುದು ತಪ್ಪುತ್ತದೆ. ಉರಿ ಹೊತ್ತಿ ನಾಲ್ಕೈದು ಸೆಕೆಂಡಿಗೆ ಆರಿಹೋಗುತ್ತಿದ್ದರೆ ಹೆಚ್ಚಾಗಿ ಉರಿ ಇದೆಯೇ ಎಂದು ಗುರುತಿಸುವ ಫ್ಲೇಮ್ ಸೆನ್ಸರ್ ಕಡ್ಡಿಯ ಮೇಲೆ ಪದರ ಕೂತಿರುತ್ತದೆ. ಕರೆಂಟನ್ನೂ ಗ್ಯಾಸನ್ನೂ ಆರಿಸಿ, ಅದರ ಒಂದೇ ಸ್ಕ್ರೂ ಬಿಚ್ಚಿ, ನಯವಾದ ಸ್ಟೀಲ್ ವುಲ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿ. ಹತ್ತಿರದಲ್ಲೇ ಇರುವ, ಉರಿ ಹೊತ್ತಿಸುವ ಇಗ್ನೈಟರ್ ಬಲು ನಾಜೂಕು, ಬೆರಳು ತಾಗಿಸಬೇಡಿ. ಇಂಥ ಕೆಲಸದ ಅಭ್ಯಾಸವಿಲ್ಲದವರು ಇದನ್ನು ರಿಪೇರಿಯವರಿಗೇ ಬಿಡುವುದು ಮೇಲು. ರೀಸೆಟ್ ಒಂದೆರಡು ಸಲ ಸಾಕು, ಒತ್ತುತ್ತಲೇ ಇರುವುದು ಬೇಡ.

ಇಂಗ್ಲೆಂಡಿನಲ್ಲಿರುವವರ ಕಷ್ಟ ಬೇರೆ, ಅಲ್ಲಿ ಕಾಂಬಿ ಬಾಯ್ಲರ್, ಮನೆ ಬಿಸಿ ಮಾಡಲೂ ನಲ್ಲಿಗೂ ನೀರು ಕಾಯಿಸುವ ಯಂತ್ರ. ಪ್ರೆಷರ್ ಮುಳ್ಳು 1 ಬಾರ್‌ಗಿಂತ ಕೆಳಗಿದೆಯೇ ನೋಡಿ. ಕೊರೆಯುವ ಚಳಿಯ ಬೆಳಗ್ಗೆ ಗುಳುಗುಳು ಸದ್ದು ಮಾಡಿ ನಿಂತಿದ್ದರೆ ಬಾಯ್ಲರಿನ ನೀರು ಬಸಿಯುವ ಹೊರಗೋಡೆಯ ಸಣ್ಣ ಕಂಡೆನ್ಸೇಟ್ ಪೈಪು ಹೆಪ್ಪುಗಟ್ಟಿದೆ ಎಂದೇ ಲೆಕ್ಕ. ಕುದಿಯುವ ನೀರಲ್ಲ, ಕೈಗೆ ತಡೆಯುವಷ್ಟು ಬಿಸಿನೀರನ್ನು ಅದರ ಮೇಲೆ ಸುರಿದು ರೀಸೆಟ್ ಒತ್ತಿ. ಗ್ಯಾಸ್ ವಾಸನೆಗೆ ಅಲ್ಲಿನ ನಂಬರ್ 0800 111 999.

ಈಗ ಕೋಣೆ. ಚಿಕ್ಕದಿರಬೇಕು, ಸೂರು ಎತ್ತರವಿರಬಾರದು, ಕಿಟಕಿ ಕಡಿಮೆ ಇರಬೇಕು, ಇರುವ ಕಿಟಕಿ ದಕ್ಷಿಣಕ್ಕಿದ್ದರೆ ಒಳ್ಳೆಯದು. ಬಿಸಿಗಾಳಿ ಮೇಲೇರುವುದರಿಂದ ಸಾಮಾನ್ಯವಾಗಿ ಮಹಡಿಯ ಮೇಲಿನ ಮಲಗುವ ಕೋಣೆ ಸರಿ. ಎರಡಂತಸ್ತಿನ ಎತ್ತರದ ಹಾಲ್ ಎಷ್ಟೇ ಚೆಂದವಿದ್ದರೂ ಆ ರಾತ್ರಿಗೆ ಬೇಡ. ಎಲ್ಲರೂ ಒಂದೇ ಕೋಣೆಗೆ ಬರಬೇಕು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು 100 ವಾಟ್ ಕಾವು ಬಿಡುತ್ತದೆ. ನಾಲ್ಕು ಜನ ಸೇರಿದರೆ 400 ವಾಟ್, ಅಂದರೆ ಹೀಟರಿನ ಕಾಲು ಭಾಗಕ್ಕಿಂತ ಹೆಚ್ಚು, ಬಿಲ್ಲಿಲ್ಲದೆ. ನಾಲ್ಕು ಕೋಣೆಯಲ್ಲಿ ಹಂಚಿಹೋದರೆ ಆ ಕಾವು ಯಾರಿಗೂ ದಕ್ಕುವುದಿಲ್ಲ.

ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುರುಳಿ ಸುತ್ತಿ ಒತ್ತಿ. ಹಗಲು ಬಿಸಿಲು ಬೀಳುವ ಕಿಟಕಿಯ ಪರದೆ ಸರಿಸಿಡಿ, ಬಿಸಿಲು ಇಳಿದ ಕೂಡಲೇ ಎಳೆಯಿರಿ. ಪರದೆಯ ಮೇಲೆ ಇನ್ನೊಂದು ದಪ್ಪ ರಗ್ಗು, ನೆಲ ಮುಟ್ಟುವ ಹಾಗೆ. ನೆಲ ಮುಟ್ಟುವುದು ಮುಖ್ಯ, ಯಾಕೆಂದರೆ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ಪರದೆಯ ಅಂಚಿನಿಂದಲೇ ಒಳಗೆ ಹರಿಯುತ್ತದೆ. ಕಿಟಕಿಯ ಹತ್ತಿರ ಕೂತರೆ ಕಾಲಿಗೆ ಹೊಡೆಯುವ ಚಳಿ ಅದೇ. ಪಾರ್ಸೆಲ್ಲಿನಲ್ಲಿ ಬಂದ ಬಬಲ್ ರ‍್ಯಾಪ್ ಇದ್ದರೆ ಗಾಜಿಗೆ ನೀರು ಸಿಂಪಡಿಸಿ, ಗುಳ್ಳೆಯ ಮೈ ಗಾಜಿನ ಕಡೆ ಮಾಡಿ ಒತ್ತಿದರೆ ಅಂಟಿಕೊಳ್ಳುತ್ತದೆ. ಆದರೆ ಕೋಣೆಯನ್ನು ಡಬ್ಬಿಯ ಹಾಗೆ ಪೂರ್ತಿ ಮುಚ್ಚಬೇಡಿ. ಎರಡು ಗಂಟೆಗೊಮ್ಮೆ ನಾಲ್ಕೈದು ನಿಮಿಷ ಬಾಗಿಲು ತೆರೆದಿಡಿ. ಉಸಿರಿನ ತೇವ ಗಾಜಿನ ಮೇಲೆ ಇಳಿದು ರಗ್ಗು ಒದ್ದೆಯಾದರೆ ಬೆಚ್ಚಗಿಡುವ ಅದರ ಗುಣವೇ ಹೋಗುತ್ತದೆ.

ಮಕ್ಕಳಿಗೆ ಟೆಂಟ್ ಇದ್ದರೆ ಕೋಣೆಯೊಳಗೇ ಹಾಕಿ, ಇಲ್ಲದಿದ್ದರೆ ಊಟದ ಮೇಜಿನ ಮೇಲೆ ರಗ್ಗು ಇಳಿಬಿಟ್ಟು ಕೆಳಗೆ ಹಾಸಿಗೆ ಹಾಸಿ. ಜಾಗ ಕಿರಿದಾದಷ್ಟೂ ಮೈಯ ಕಾವು ಉಳಿಯುತ್ತದೆ. ಹೊದೆಯುವುದಕ್ಕಿಂತ ಹಾಸುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಮೈಭಾರಕ್ಕೆ ಒತ್ತಿಹೋದ ರಜಾಯಿಯಲ್ಲಿ ಗಾಳಿ ಉಳಿಯುವುದಿಲ್ಲ, ಕಾವನ್ನು ಹಿಡಿದಿಡುವುದು ಬಟ್ಟೆಗಿಂತ ಹೆಚ್ಚಾಗಿ ಆ ಗಾಳಿಯೇ. ನೆಲದ ಮೇಲೆ ಮಲಗುವುದಾದರೆ ಮೊದಲು ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಮೇಲೆ ಯೋಗದ ಮ್ಯಾಟ್ ಅಥವಾ ಚಾಪೆ, ಆಮೇಲೆ ಹಾಸಿಗೆ. ಊರಿಂದ ತಂದ ಕಂಬಳಿ ಇದ್ದರೆ ಅದು ಕೆಳಕ್ಕೆ, ಉಣ್ಣೆ ಒತ್ತಿದರೂ ಅಷ್ಟು ಸುಲಭಕ್ಕೆ ಚಪ್ಪಟೆಯಾಗುವುದಿಲ್ಲ. ಅಜ್ಜಿ ಹೊಲಿದ ಕೌದಿ ಮೇಲಕ್ಕೆ. ಹಳೆ ಸೀರೆಗಳ ಪದರ ಪದರವೇ ಕೌದಿಯ ಗುಟ್ಟು, ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ರಜಾಯಿಯ ಮೇಲೆ ಅದನ್ನು ಹೊದೆಸಿದರೆ ರಾತ್ರಿ ಜಾರುವುದೂ ಇಲ್ಲ.

ಮೈಗೂ ಇದೇ ಲೆಕ್ಕ. ಬಿಗಿಯಾದ ಒಂದು ದಪ್ಪ ಸ್ವೆಟರಿಗಿಂತ ಸಡಿಲವಾದ ಮೂರು ತೆಳು ಬಟ್ಟೆ ಮೇಲು. ಮೈಗೆ ತಾಗುವುದು ಉಣ್ಣೆಯದೋ ಪಾಲಿಯೆಸ್ಟರಿನದೋ ಥರ್ಮಲ್ ಆಗಿರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿ ಉಳಿಯುತ್ತದೆ. ಎರಡು ಜೊತೆ ಸಾಕ್ಸ್ ಹಾಕಿದಾಗ ಬೆರಳು ಆಡಿಸಲಾಗದಷ್ಟು ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ ಸಾಕು, ಆದರೆ ಮಲಗುವ ಮುಂಚೆ ಒಣಗಿದ ಜೊತೆಗೆ ಬದಲಿಸಿ. ಊರಿನ ಮಂಕಿ ಕ್ಯಾಪ್ ಈ ರಾತ್ರಿಗೆಂದೇ ಮಾಡಿದ ಹಾಗಿದೆ: ತಲೆ, ಕಿವಿ, ಕುತ್ತಿಗೆ ಮೂರೂ ಮುಚ್ಚಿ ನಿದ್ದೆಯಲ್ಲೂ ಕಳಚುವುದಿಲ್ಲ.

ಬಿಸಿನೀರಿನ ಚೀಲಕ್ಕಿಂತ ಅಗ್ಗದ, ಭದ್ರವಾದ ಕಾವು ಇನ್ನೊಂದಿಲ್ಲ, ಸರಿಯಾಗಿ ತುಂಬಿಸಿದರೆ. ನೀರು ಕುದಿಸಿ, ಒಲೆ ಆರಿಸಿ ಐದಾರು ನಿಮಿಷ ಬಿಡಿ. ಕುದಿನೀರು ರಬ್ಬರನ್ನು ಬೇಗ ಹಾಳುಮಾಡುತ್ತದೆ, ಒಡೆದರೆ ಮೈಯನ್ನೂ ಸುಡುತ್ತದೆ. ಚೀಲದ ಕುತ್ತಿಗೆ ಹಿಡಿದು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿಸಿ, ನೀರು ಬಾಯಿಗೆ ಕಾಣುವ ತನಕ ಮೆಲ್ಲಗೆ ಒರಗಿಸಿ ಒಳಗಿನ ಗಾಳಿ ಹೊರಡಿಸಿ, ಆಮೇಲೆ ಬಿರಡೆ ತಿರುಗಿಸಿ. ಸಿಂಕಿನ ಮೇಲೆ ತಲೆಕೆಳಗೆ ಹಿಡಿದು ಒತ್ತಿ ನೋಡಿ. ಮಡಿಸಿದ ಕಡೆ ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆದುಬಿಡಿ. ಟವೆಲ್ ಸುತ್ತದೆ ಮೈಗಿಡಬೇಡಿ. ಒಂದೂವರೆ ಲೀಟರ್ ನೀರು 70 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಸುಮಾರು 60 ವಾಟ್-ಗಂಟೆಯಷ್ಟು ಶಾಖ ಬಿಡುತ್ತದೆ. ನಾಲ್ಕು ಗಂಟೆಗೆ ಹಂಚಿದರೆ 15 ವಾಟ್. ಕೋಣೆಗೆ ಅದು ಏನೂ ಅಲ್ಲ, ರಜಾಯಿಯ ಒಳಗೆ ಅದೇ ಬೇಕಾದಷ್ಟಾಯಿತು. ಮಲಗುವ ಹತ್ತು ನಿಮಿಷ ಮುಂಚೆ ಸೊಂಟದ ಜಾಗದಲ್ಲಿಟ್ಟು, ಮಲಗಿದ ಮೇಲೆ ಪಾದದ ಕಡೆ ತಳ್ಳಿ. ಚೀಲ ಇಲ್ಲದಿದ್ದರೆ ಒಂಟಿ ಪದರದ ಸ್ಟೀಲ್ ಬಾಟಲಿ ದಪ್ಪ ಸಾಕ್ಸಿನೊಳಗೆ ಹಾಕಿದರಾಯಿತು. ಫ್ಲಾಸ್ಕಿನಂಥ ಎರಡು ಪದರದ ಬಾಟಲಿ ಕಾವನ್ನು ಹೊರಗೇ ಬಿಡುವುದಿಲ್ಲ. ಇನ್ನೊಂದು ದಾರಿ ನಮ್ಮ ಹಳೆಯ ಉಪ್ಪಿನ ಶಾಖ: ಕಲ್ಲುಪ್ಪನ್ನು ಬಾಣಲೆಯಲ್ಲಿ ಐದು ನಿಮಿಷ ಹುರಿದು ಎರಡು ಪದರದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಣಕೈ ಒಳಮೈಗೆ ತಾಗಿಸಿ ನೋಡಿ ಕೊಡುವುದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಚೀಲವಾಗಲಿ ಉಪ್ಪಿನ ಗಂಟಾಗಲಿ ಪಾದಕ್ಕೆ ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಕರೆಂಟಿದ್ದರೆ ಹೀಟರ್. ಮಲಗುವ ಕೋಣೆಗೆ ಆಯಿಲ್ ತುಂಬಿದ ರೇಡಿಯೇಟರ್ ಒಳ್ಳೆಯದು, ಸದ್ದಿಲ್ಲ, ಕೆಂಪಗೆ ಕಾಯುವ ತಂತಿಯಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ. 1,500 ವಾಟ್ ಹೀಟರ್ 120 ವೋಲ್ಟಿನಲ್ಲಿ 12.5 ಆಂಪ್ ಎಳೆಯುತ್ತದೆ. ಕೋಣೆಯ ಸರ್ಕ್ಯೂಟ್ ಸಾಮಾನ್ಯವಾಗಿ 15 ಆಂಪ್‌ನದು. ಅಲ್ಲಿಗೆ ಒಂದು ಸರ್ಕ್ಯೂಟಿಗೆ ಒಂದೇ ಹೀಟರ್. ಪಕ್ಕದ ಕೋಣೆಯೂ ಅದೇ ಬ್ರೇಕರಿನ ಮೇಲಿರಬಹುದು, ಅಲ್ಲಿ ಹೇರ್ ಡ್ರೈಯರ್ ಹಾಕಿದರೆ ಎರಡೂ ಆರುತ್ತವೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ, ನೇರ ಗೋಡೆಗೆ. ಅರ್ಧ ಗಂಟೆಯಾದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ ಎಂದರ್ಥ. ಆ ಸಡಿಲವೇ ಕಾದು ಪ್ಲಾಸ್ಟಿಕ್ ಕರಗಿ ಬೆಂಕಿಯಾಗುವುದು. ಹಾಸಿಗೆ, ಪರದೆಯಿಂದ ಮೂರಡಿ ದೂರ. ಎಲೆಕ್ಟ್ರಿಕ್ ಬ್ಲಾಂಕೆಟ್ ಇದ್ದರೆ ಅದು 100, 200 ವಾಟ್‌ನಲ್ಲೇ ಕೆಲಸ ಮುಗಿಸುತ್ತದೆ. ಮಡಿಸಿ ಮಾತ್ರ ಬಳಸಬೇಡಿ.

ಇನ್ನು ಬೆಂಕಿಯ ಮಾತು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಗ್ಗಿಷ್ಟಿಕೆಯ ಸುತ್ತ ಕೂತು ಚಳಿ ಕಳೆದ ತಲೆಮಾರುಗಳು ನಮ್ಮವು. ಬಾಣಂತಿ ಕೋಣೆಯಲ್ಲಿ ಮಂಚದ ಹತ್ತಿರ ಕೆಂಡ, ತಲೆಗೂದಲಿಗೆ ಸಾಂಬ್ರಾಣಿ ಹೊಗೆ. ಊರಿಂದ ಬಾಣಂತನಕ್ಕೆ ಬಂದ ಅಮ್ಮನಿಗೋ ಅತ್ತೆಗೋ ಫರ್ನೇಸ್ ನಿಂತ ಕೂಡಲೇ ಬಾರ್ಬೆಕ್ಯೂಗೆ ತಂದಿಟ್ಟ ಇದ್ದಿಲಿನ ನೆನಪಾದರೆ ಅದು ಅವರ ತಪ್ಪಲ್ಲ. ಆದರೆ ಊರಿನ ಹಂಚಿನ ಮನೆಗೆ ಹಂಚಿನ ಸಂದಿಯಿತ್ತು, ಗವಾಕ್ಷಿಯಿತ್ತು, ಬಾಗಿಲ ಕೆಳಗೆ ಬೆರಳು ತೂರುವ ಜಾಗವಿತ್ತು. ಇಲ್ಲಿನ ಮನೆ ಗಾಳಿ ಹೋಗದ ಹಾಗೆ ಕಟ್ಟಿದ್ದು, ಮೇಲಾಗಿ ನಾವೇ ಟವೆಲ್ ಒತ್ತಿ ಉಳಿದ ಸಂದಿಯನ್ನೂ ಮುಚ್ಚಿದ್ದೇವೆ. ಹೊಗೆ ಅಡಗಿ ನಿಗಿನಿಗಿ ಎನ್ನುವ ಕೆಂಡ ನಿರಪಾಯ ಎಂದು ಕಾಣುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯಿಲ್ಲದ ಕೆಂಡದಿಂದಲೂ ಅದು ಧಾರಾಳವಾಗಿ ಬರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. 'ಅಮ್ಮಾ, ಈ ಮನೆಗೆ ಉಸಿರಾಡೋಕೆ ಸಂದಿ ಇಲ್ಲ, ಕೆಂಡ ಬೇಡ' ಎಂದು ಚಳಿಗಾಲ ಶುರುವಾಗುವ ಮುಂಚೆಯೇ ಕೂರಿಸಿಕೊಂಡು ಹೇಳಿ. ಉಪ್ಪಿನ ಶಾಖ ಕೊಡುವ ಕೆಲಸ ಅವರಿಗೇ ಒಪ್ಪಿಸಿ, ಅದರಲ್ಲಿ ಅವರ ಕೈ ಪಳಗಿದೆ.

ಗ್ಯಾಸ್ ಒಲೆಯ ಓವನ್ ಬಾಗಿಲು ತೆರೆದು ಕೋಣೆ ಕಾಯಿಸುವುದು, ಗ್ಯಾರೇಜಿನಲ್ಲಿ ಕಾರ್ ಸ್ಟಾರ್ಟ್ ಮಾಡಿ ಒಳಗೆ ಕೂರುವುದು, ಕ್ಯಾಂಪಿಂಗ್ ಸ್ಟವ್ ಒಳಗೆ ಹಚ್ಚುವುದು, ಎಲ್ಲದರ ಅಪಾಯವೂ ಅದೇ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಸಾಲದು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಆಚೆಗೆ. ಮಣ್ಣಿನ ಕುಂಡದ ಕೆಳಗೆ ಮೇಣದಬತ್ತಿ ಹಚ್ಚುವ ವಿಡಿಯೊ ಪ್ರತಿ ಚಳಿಗಾಲ ವಾಟ್ಸ್ಯಾಪಿನಲ್ಲಿ ಬರುತ್ತದೆ. ಕುಂಡ ಕಾವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಹಿಡಿದು ನಿಧಾನ ಬಿಡುತ್ತದೆ ಅಷ್ಟೆ. ಒತ್ತೊತ್ತಾಗಿಟ್ಟ ಬತ್ತಿಗಳ ಮೇಣ ಒಟ್ಟಿಗೆ ಕಾದು ಭುಗ್ಗೆಂದು ಹೊತ್ತಿಕೊಳ್ಳಬಹುದು. ಮನೆಯ ಪ್ರತಿ ಅಂತಸ್ತಿನಲ್ಲೂ ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಲ್ಲಿ ಓಡುವ ಮಾನಾಕ್ಸೈಡ್ ಅಲಾರಂ ಇರಲಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಫ್ಲೂ ಎನ್ನುತ್ತ ಕೂರಬೇಡಿ. ಎಲ್ಲರೂ ಹೊರಗೆ, ಆಮೇಲೆ 911.

ಅಡುಗೆ ಎಂದಿನಂತೆ ಮಾಡಿ, ಗ್ಯಾಸ್ ಒಲೆಯಾದರೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಒಂದು ಲೋಟ ಕಷಾಯ ಮೈಗೆ ಕೊಡುವ ನೇರ ಕಾವು ಐದಾರು ಕ್ಯಾಲೊರಿಯಷ್ಟೇ, ಬೆರಳಿಗೆ ಸಿಗುವ ಸುಖವೇ ಹೆಚ್ಚು. ರಾತ್ರಿಯಿಡೀ ಒಳಗೆ ಉರಿ ಉಳಿಸುವುದು ಊಟ: ರಾಗಿ ಮುದ್ದೆ ಬಿಸಿ ಸಾರು, ತುಪ್ಪದ ಅನ್ನ, ಮಲಗುವ ಮುಂಚೆ ಎರಡು ಶೇಂಗಾ ಚಿಕ್ಕಿ. ಮದ್ಯ ಬೇಡ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆನಿಸುತ್ತದೆ, ಅದೇ ದಾರಿಯಲ್ಲಿ ಮೈಯೊಳಗಿನ ಕಾವು ಹೊರಗೆ ಹೋಗುತ್ತದೆ.

ವಯಸ್ಸಾದವರು ಚಳಿಯನ್ನು ತಡವಾಗಿ ಗುರುತಿಸುತ್ತಾರೆ. 'ನಂಗೇನೂ ಚಳಿ ಇಲ್ಲಪ್ಪ' ಎಂದರೆ ನಂಬದೆ ಹೊಟ್ಟೆ ಮುಟ್ಟಿ ನೋಡಿ, ಅದು ತಣ್ಣಗಿರಬಾರದು. ನಡುಕ ಇದ್ದಷ್ಟು ಹೊತ್ತು ಮೈ ಹೋರಾಡುತ್ತಿದೆ. ಚಳಿ ಹಾಗೇ ಇದ್ದು ನಡುಕ ನಿಂತರೆ, ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಬಾರದಿದ್ದರೆ, ಮಂಕಾದರೆ ಮೈಯ ಉಷ್ಣತೆ 35 ಡಿಗ್ರಿಗಿಂತ ಇಳಿದಿರಬಹುದು. ತಡಮಾಡದೆ ಆಂಬ್ಯುಲೆನ್ಸ್ ಕರೆಯಿರಿ. ಕೈಕಾಲು ಉಜ್ಜಬೇಡಿ, ಎದೆ ಹೊಟ್ಟೆ ಬೆಚ್ಚಗೆ ಮಾಡಿ. ವರ್ಷ ತುಂಬದ ಕೂಸಿನ ತೊಟ್ಟಿಲಿಗೆ ಸಡಿಲ ರಗ್ಗು ಹಾಕಬಾರದು, ಮುಖ ಮುಚ್ಚಿಹೋಗುತ್ತದೆ. ಒಂದರ ಮೇಲೊಂದು ಬಟ್ಟೆ, ಮೇಲೆ ಕೂಸಿಗೆ ತೊಡಿಸುವ ಚೀಲದಂಥ ಸ್ಲೀಪ್ ಸ್ಯಾಕ್. ಕೂಸಿಗೆ ಸಾಕೇ ಎಂದು ನೋಡಬೇಕಾದ್ದು ಕತ್ತಿನ ಹಿಂದೆ, ಅಂಗೈಯಲ್ಲಲ್ಲ. ಕೋಣೆ ಬೆಚ್ಚಗಾಗುವ ಲಕ್ಷಣವಿಲ್ಲದಿದ್ದರೆ ಕೂಸು, ಹಿರಿಯರು ಇರುವ ಮನೆಯವರು ಹಟ ಹಿಡಿಯದೆ ಕತ್ತಲಾಗುವ ಮೊದಲೇ ಸ್ನೇಹಿತರ ಮನೆಗೆ ಹೊರಡಿ. 211ಕ್ಕೆ ಫೋನ್ ಮಾಡಿದರೆ ಚಳಿಯಿಂದ ಆಶ್ರಯ ಕೊಡುವ ಹತ್ತಿರದ ವಾರ್ಮಿಂಗ್ ಸೆಂಟರ್ ಎಲ್ಲಿದೆ ಎಂದು ಹೇಳುತ್ತಾರೆ. ಬಾಡಿಗೆಗಿರುವವರಿಗೆ ಕಾಯಿದೆಯ ಬೆಂಬಲವಿದೆ: ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ರಾತ್ರಿ ಹೊತ್ತು ಮನೆಯೊಳಗೆ ಕನಿಷ್ಠ 62 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 17 ಡಿಗ್ರಿ ಸೆಲ್ಸಿಯಸ್) ಇರಲೇಬೇಕು, ಇಲ್ಲದಿದ್ದರೆ 311ಕ್ಕೆ ದೂರು ಕೊಡಬಹುದು.

ಕೊನೆಗೆ ನಲ್ಲಿ. ಹೊರಗೆ ಮೈನಸ್ 6, 7 ಡಿಗ್ರಿಗಿಂತ ಇಳಿದರೆ ಹೊರಗೋಡೆಯ ಪೈಪುಗಳಿಗೆ ಅಪಾಯ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಹೆಚ್ಚಾಗಿ ಮಂಜು ಕಟ್ಟಿದ ಜಾಗದಲ್ಲಲ್ಲ, ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿನ ಒತ್ತಡಕ್ಕೆ. ನಲ್ಲಿ ತುಸು ತೊಟ್ಟಿಕ್ಕುತ್ತಿದ್ದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ. ಬಿಸಿ, ತಣ್ಣೀರು ಎರಡನ್ನೂ ದಾರದಷ್ಟು ಸಣ್ಣಗೆ ಬಿಡಿ, ಸಿಂಕಿನ ಕೆಳಗಿನ ಬೀರು ಬಾಗಿಲು ತೆರೆದಿಡಿ. ಮನೆಯ ಮೇನ್ ವಾಲ್ವ್ ಎಲ್ಲಿದೆ ಎಂದು ಹಗಲಲ್ಲೇ ನೋಡಿ, ಸಲೀಸಾಗಿ ತಿರುಗುತ್ತದೆಯೇ ಪರೀಕ್ಷಿಸಿ. ಮನೆ ಬಿಟ್ಟು ಹೊರಡುವುದಾದರೆ ಅದನ್ನು ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ನೀರು ಬಸಿದು ಹೋಗಿ. ಕಟ್ಟಿಕೊಂಡ ಪೈಪನ್ನು ಹೇರ್ ಡ್ರೈಯರಿನಿಂದ ಬಿಡಿಸಬಹುದು: ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹೋಗಿ. ನೀರು ಮತ್ತೆ ಹರಿದ ಮೇಲೆ ಟಾರ್ಚ್ ಹಿಡಿದು ಪೈಪಿನ ಉದ್ದಕ್ಕೂ ಬೆರಳಾಡಿಸಿ. ಕೂದಲೆಳೆಯ ಬಿರುಕು ಕಣ್ಣಿಗಿಂತ ಮೊದಲು ಬೆರಳಿನ ತೇವಕ್ಕೆ ಸಿಗುತ್ತದೆ.